ಜೀಪಿನ ಕೆಳಗೂ ಒಮ್ಮೆ ಬಗ್ಗಿ ನೋಡಿ

ರಾಜ್ಯದ ಸಾರಿಗೆ ಆಯುಕ್ತರಿಗೆ, ಹಾಗೂ ಮಲೆನಾಡಿನಲ್ಲಿ ಜೀಪ್ ಇಟ್ಟುಕೊಂಡಿರುವ ಎಲ್ಲರಿಗೆ,

ನಮಸ್ಕಾರ.

ನಾನು ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಬಿದನೂರು ನಗರದಿಂದ ಒಳಗೆ ಹೋದರೆ ನಮ್ಮ ಮನೆ. ಕೊನೆಯ ಎರಡು ಕಿಲೋಮೀಟರಿಗೆ ಡಾಂಬರಿಲ್ಲ. ಜಂಬಿಟ್ಟಿಗೆ ಮಣ್ಣಿನ ದಾರಿ, ನಡುವೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ಚಡಾವು. ಆರಿದ್ರಾ ಮಳೆ ಹಿಡಿಯಿತು ಅಂದರೆ ಆ ಚಡಾವು ಹತ್ತುವುದು ನಾಲ್ಕೂ ಚಕ್ರ ಎಳೆಯುವ ಗಾಡಿ ಮಾತ್ರ. ಅದಕ್ಕೂ ಎಷ್ಟೋ ದಿನ ಟೈರಿಗೆ ಚೈನ್ ಕಟ್ಟಬೇಕಾಗುತ್ತದೆ.

ನಮ್ಮ ಕಡೆ ಜೀಪ್ ಷೋಕಿಗೆ ಬಂದದ್ದಲ್ಲ. ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತ, ಸುಣ್ಣ, ಪಂಪು, ಡ್ರಮ್ಮು ಎಲ್ಲ ತೋಟಕ್ಕೆ ಹೋಗುವುದು ಜೀಪಿನಲ್ಲಿ. ಕೊಯ್ಲಿನ ಹೊತ್ತಿಗೆ ಗೊನೆ ಬರುವುದು ಅದರಲ್ಲೇ. ಮಕ್ಕಳನ್ನು ಶಾಲೆಯ ಬಸ್ಸಿನವರೆಗೆ ಬಿಡುವುದು, ರೇಷನ್ ತರುವುದು, ರಾತ್ರಿ ಹೊತ್ತು ಯಾರಿಗಾದರೂ ಹುಷಾರಿಲ್ಲ ಅಂದರೆ ಆಸ್ಪತ್ರೆಗೆ ಓಡುವುದು ಎಲ್ಲ ಅದೇ. ಆಂಬುಲೆನ್ಸ್ ಡಾಂಬರು ಮುಗಿಯುವಲ್ಲಿ ನಿಲ್ಲುತ್ತದೆ. ಅಲ್ಲಿಯವರೆಗೆ ಕರೆದುಕೊಂಡು ಬರುವುದು ನಮ್ಮ ಕೆಲಸ.

ಇಷ್ಟು ಹೇಳಿದ್ದು ಯಾಕೆಂದರೆ, ನಾನು ಬರೆಯುತ್ತಿರುವುದು ಗಾಡಿ ಎತ್ತರಿಸುವ ವಿಷಯ. ಸಸ್ಪೆನ್ಷನ್ ಬದಲಿಸುವುದು, ದೊಡ್ಡ ಟೈರ್ ಹಾಕುವುದು, ಮೇಲೆ ಕ್ಯಾರಿಯರ್ ಕೂರಿಸುವುದು. ಈ ಮಾತು ಬಂದ ಕೂಡಲೇ ಪೇಟೆಯವರ ಕಣ್ಣ ಮುಂದೆ ಬರುವುದು ಲೈಟುಗಳ ಸಾಲು ಹೊತ್ತುಕೊಂಡು ಹೆದ್ದಾರಿಯಲ್ಲಿ ಹೋಗುವ ಗಾಡಿ. ನನ್ನ ಕಣ್ಣ ಮುಂದೆ ಬರುವುದು 2016ರ ಆಗಸ್ಟ್ ತಿಂಗಳ ಒಂದು ಸಂಜೆ. ಅದನ್ನು ಮೊದಲು ಹೇಳುತ್ತೇನೆ.

ನಮ್ಮದು ವಿಲ್ಲೀಸ್ ಮಾದರಿಯ ಹಳೆಯ ಗಿಡ್ಡ ಜೀಪ್. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 80 ಇಂಚು ಮಾತ್ರ. ಅಪ್ಪ ತೆಗೆದುಕೊಂಡದ್ದು. ನಮ್ಮ ದಾರಿಯಲ್ಲಿ ಚಕ್ರ ಹೋಗುವ ಜಾಗ ಆಳಕ್ಕೆ ಇಳಿದು ನಡುವೆ ದಿಬ್ಬ ಎದ್ದಿತ್ತು. ಎಡಬಲ ಚಕ್ರಗಳ ನಡುವೆ ಆಕ್ಸಲನ್ನು ಮುಚ್ಚಿರುವ ಕಬ್ಬಿಣದ ಕವಚಕ್ಕೆ ನಾವು ಹೌಸಿಂಗ್ ಅನ್ನುತ್ತೇವೆ. ಅದರ ನಡುವಿನ ಗುಂಡು ಆ ದಿಬ್ಬಕ್ಕೆ ಉಜ್ಜುತ್ತಿತ್ತು. ಎಲ್ಲರೂ ಎತ್ತರಿಸು ಅಂದರು. ಒಂದು ಗ್ಯಾರೇಜಿನಲ್ಲಿ ಎರಡು ದಿನ ಬಿಟ್ಟೆ. ಪ್ಲೇಟ್ ಸೆಟ್ಟನ್ನು (ಪಟ್ಟಿ ಸ್ಪ್ರಿಂಗು) ಚಾಸಿಸಿಗೆ ಸೇರಿಸುವ ಕೊಂಡಿ, ಅಂದರೆ ಶೇಕಲ್, ಉದ್ದ ಮಾಡಿದರು, ಹಿಂದೆ ಪ್ಲೇಟ್ ಸೆಟ್ಟಿಗೂ ಚಾಸಿಸಿಗೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟರು, ದೊಡ್ಡ ಟೈರ್ ಹಾಕಿದರು. ಹಿಂದೆ ನಾಲ್ಕು ಇಂಚು ಎದ್ದಿತು. ನೋಡಲು ಚೆಂದ ಇತ್ತು, ಸುಳ್ಳು ಯಾಕೆ ಹೇಳಲಿ.

ಮೂರನೇ ವಾರಕ್ಕೆ ನಡುಕ ಶುರುವಾಯಿತು. ಐವತ್ತರ ಹತ್ತಿರ ಹೋದರೆ ಸೀಟಿನ ಕೆಳಗೆ ಗುಂಯ್ ಅನ್ನುವ ಸದ್ದು. ಕೇಳಿದರೆ ಟೈರ್ ಬ್ಯಾಲೆನ್ಸ್ ಮಾಡಿಸಿ ಅಂದರು. ಮಾಡಿಸಿದೆ. ನಡುಕ ಹೋಗಲಿಲ್ಲ. ಮಳೆಗಾಲ ಬಂತು, ಕೆಲಸ ಜಾಸ್ತಿ ಆಯಿತು, ನಾನೂ ಸುಮ್ಮನಾದೆ. ಆ ಸುಮ್ಮನಾದದ್ದು ನನ್ನ ತಪ್ಪು.

ಆ ಸಂಜೆ ಪಕ್ಕದ ಮನೆಯ ಅಜ್ಜನಿಗೆ ಎದೆನೋವು. ಜೀಪಿನಲ್ಲಿ ಮಲಗಿಸಿಕೊಂಡು ಹೊರಟೆವು. ಅಜ್ಜನ ಮಗ ಹಿಂದೆ ತಲೆ ಹಿಡಿದು ಕೂತಿದ್ದ. ಚಡಾವು ಹತ್ತಿ ಡಾಂಬರು ಸೇರಿದೆವು. ಫೋರ್ ವೀಲ್ ತೆಗೆದೆ, ಇನ್ನು ಎಳೆಯುವುದು ಹಿಂದಿನ ಚಕ್ರ ಮಾತ್ರ. ಮುಂದೆ ಉದ್ದದ ಇಳಿಜಾರು. ಸೆಕೆಂಡ್ ಗೇರಿನಲ್ಲಿ ಇಳಿಯುತ್ತಿದ್ದೆ. ಒಂದು ತಿರುವಿನಲ್ಲಿ ಕೆಳಗೆ ಬಡಿದ ಹಾಗೆ ಸದ್ದಾಯಿತು. ಆಮೇಲೆ ಕಬ್ಬಿಣ ರಸ್ತೆಗೆ ಬಡಿಯುತ್ತಲೇ ಇತ್ತು. ಇಂಜಿನ್ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಕ್ರಾಸ್ ತುಂಡಾಗಿತ್ತು. ನಾವು ಜಾಯಿಂಟ್ ಅನ್ನುತ್ತೇವಲ್ಲ, ಅದೇ. ಶಾಫ್ಟಿನ ಒಂದು ತುದಿ ಬಿದ್ದು, ಇನ್ನೊಂದು ತುದಿ ಹೌಸಿಂಗಿನಲ್ಲೇ ಇದ್ದು, ಚಕ್ರದ ಜೊತೆ ತಿರುಗುತ್ತಾ ಸಿಕ್ಕಿದ್ದಕ್ಕೆಲ್ಲ ಬಡಿಯುತ್ತಿತ್ತು. ಶಾಫ್ಟ್ ಕಳಚಿದ ಮೇಲೆ ಇಂಜಿನ್ ಹಿಡಿತ ಇಲ್ಲ. ಗೇರಿನಲ್ಲಿದ್ದರೂ ಗಾಡಿ ನ್ಯೂಟ್ರಲ್ ಇದ್ದ ಹಾಗೆ ಓಡುತ್ತದೆ.

ಬ್ರೇಕ್ ಒತ್ತಿದೆ. ಪೆಡಲ್ ನೆಲಕ್ಕೆ ಹೋಯಿತು. ಬಡಿಯುತ್ತಿದ್ದ ಶಾಫ್ಟ್ ಚಾಸಿಸಿನ ಮೇಲಿನ ಬ್ರೇಕ್ ಪೈಪ್ ಕತ್ತರಿಸಿತ್ತು. ಆ ಕಾಲದ ಜೀಪಿಗೆ ಬ್ರೇಕಿನ ಎಣ್ಣೆ ಒಂದೇ ದಾರಿಯಲ್ಲಿ ಹೋಗುತ್ತದೆ. ಒಂದು ಕಡೆ ತುಂಡಾದರೆ ನಾಲ್ಕೂ ಚಕ್ರಕ್ಕೆ ಇಲ್ಲ. ಹ್ಯಾಂಡ್ ಬ್ರೇಕ್ ಎಳೆದೆ. ಅದೂ ಹಿಡಿಯಲಿಲ್ಲ. ಯಾಕೆ ಅನ್ನುವುದು ಆಮೇಲೆ ತಿಳಿಯಿತು. ವಿಲ್ಲೀಸ್ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರದಲ್ಲಿ ಇಲ್ಲ. ಅದರ ಡ್ರಮ್ ಇರುವುದು, ಬಲವನ್ನು ಮುಂದಿನ ಹಿಂದಿನ ಚಕ್ರಕ್ಕೆ ಹಂಚುವ ಗೇರ್ ಪೆಟ್ಟಿಗೆಯಾದ ಟ್ರಾನ್ಸ್‌ಫರ್ ಕೇಸಿನ ಹಿಂದೆ. ಅದು ಹಿಡಿಯುವುದು ಶಾಫ್ಟನ್ನು, ಶಾಫ್ಟ್ ಹಿಡಿಯುವುದು ಚಕ್ರವನ್ನು. ನಡುವಿನ ಶಾಫ್ಟೇ ಇಲ್ಲದಿದ್ದರೆ ಏನು ಹಿಡಿಯುತ್ತದೆ? ಫೋರ್ ವೀಲ್ ಹಾಕಿಯೇ ಇಟ್ಟಿದ್ದರೆ ಮುಂದಿನ ಶಾಫ್ಟಾದರೂ ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಅದು ಹೊಳೆಯಲಿಲ್ಲ. ಎಡಗಡೆ ಕಣಿವೆ, ಬಲಗಡೆ ಧರೆ, ಅಂದರೆ ರಸ್ತೆಗಾಗಿ ಗುಡ್ಡ ಕಡಿದ ಮಣ್ಣಿನ ಗೋಡೆ. ಬಲಕ್ಕೆ ಎಳೆದು ಧರೆಗೆ ಒರಗಿಸಿದೆ. ಜೀಪ್ ಧರೆ ಉಜ್ಜಿಕೊಂಡು ಸ್ವಲ್ಪ ದೂರ ಹೋಗಿ, ಮಗುಚಿ, ನಿಂತಿತು. ನನ್ನ ಎರಡು ಪಕ್ಕೆಲುಬು ಮುರಿಯಿತು. ಅಜ್ಜನನ್ನು ಹಿಂದಿನಿಂದ ಬಂದ ಪಿಕಪ್ಪಿನವರು ಕರೆದುಕೊಂಡು ಹೋದರು. ಅಜ್ಜ ಬದುಕಿದರು. ಅವರ ಮಗನ ಕೈಗೆ ಈಗಲೂ ಮೊದಲಿನ ಶಕ್ತಿ ಇಲ್ಲ. ಅವನು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ಆಸ್ಪತ್ರೆಯಿಂದ ಬಂದ ಮೇಲೆ ನಾನು ಮಾಡಿದ್ದು ಒಂದೇ ಕೆಲಸ, ಕಲಿಯುವುದು. ಹಳೆಯ ಮೆಕ್ಯಾನಿಕ್‌ಗಳ ಹತ್ತಿರ ಕೂತೆ. ಗಾಡಿಯ ಕೆಳಗೆ ಮಲಗಿ ಅಳತೆ ತೆಗೆದೆ. ಕಲಿತದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಆಯುಕ್ತರಿಗೆ ಇದು ಗೊತ್ತಿರಬಹುದು. ಗಾಡಿ ಎತ್ತರಿಸಲು ಹೊರಟ ಹುಡುಗರಿಗೆ ಗೊತ್ತಿರುವುದು ಕಡಿಮೆ.

ಮೊದಲನೆಯ ಮಾತು, ನಾನು ಯಾವ ಕಾರಣಕ್ಕೆ ಎತ್ತರಿಸಿದೆನೋ ಆ ಕೆಲಸ ಅದರಿಂದ ಆಗಿರಲೇ ಇಲ್ಲ. ಉದ್ದ ಶೇಕಲ್, ಬ್ಲಾಕ್, ಎತ್ತರದ ಪ್ಲೇಟ್ ಇವೆಲ್ಲ ಎತ್ತುವುದು ಬಾಡಿಯನ್ನು. ಹೌಸಿಂಗ್ ಕೂತಿರುವುದು ಚಕ್ರದ ಮೇಲೆ. ನೀವು ನಾಲ್ಕು ಇಂಚಲ್ಲ, ಒಂದು ಅಡಿ ಎತ್ತರಿಸಿದರೂ ಹೌಸಿಂಗಿನ ಗುಂಡು ನೆಲದಿಂದ ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ಟೈರ್ ಒಂದೇ. ಅದೂ ಟೈರ್ ಎಷ್ಟು ದೊಡ್ಡದಾಯಿತೋ ಅದರ ಅರ್ಧ. 2010ರಲ್ಲಿ ಬಂದ ಥಾರ್ ಲೆಕ್ಕ ತೆಗೆದುಕೊಳ್ಳಿ. ಅದರ 235/70 ಆರ್16 ಟೈರಿನ ಎತ್ತರ ಸುಮಾರು 735 ಮಿ.ಮೀ. ಅದಕ್ಕೆ 31 ಇಂಚಿನ ಟೈರ್ ಹಾಕಿದರೆ 787 ಮಿ.ಮೀ. ಹೌಸಿಂಗಿಗೆ ಸಿಕ್ಕಿದ್ದು 26 ಮಿ.ಮೀ., ಅಂದರೆ ಬರೀ ಒಂದು ಇಂಚು. ಅದಕ್ಕೆ ಕೊಟ್ಟ ಬೆಲೆ ಏನು? ಮೀಟರ್ 60 ತೋರಿಸುವಾಗ ಗಾಡಿ 64ರಲ್ಲಿ ಇರುತ್ತದೆ. ಗೇರ್ ಎಲ್ಲ ಏಳು ಪರ್ಸೆಂಟ್ ಭಾರ ಆದ ಹಾಗೆ, ಕ್ಲಚ್ ಬೇಗ ಸವೆಯುತ್ತದೆ. ದೊಡ್ಡ ಭಾರದ ಚಕ್ರವನ್ನು ಅದೇ ಹಳೆಯ ಬ್ರೇಕ್ ನಿಲ್ಲಿಸಬೇಕು. ಬಾಡಿ ಎತ್ತರಿಸುವುದರಿಂದ ಲಾಭ ಇಲ್ಲ ಅಂತಲ್ಲ. ಹಳ್ಳಕ್ಕೆ ಇಳಿಯುವಾಗ ಮೂತಿ ತಾಗುವುದಿಲ್ಲ, ಏರುವಾಗ ಹಿಂದೆ ತಾಗುವುದಿಲ್ಲ, ಹೊಟ್ಟೆ ಸಿಕ್ಕಿಹಾಕಿಕೊಳ್ಳುವುದಿಲ್ಲ, ದೊಡ್ಡ ಟೈರ್ ಮಡ್‌ಗಾರ್ಡಿಗೆ ಉಜ್ಜುವುದಿಲ್ಲ. ಆದರೆ ದಾರಿ ನಡುವಿನ ದಿಬ್ಬಕ್ಕೆ ಅದು ಮದ್ದಲ್ಲ. ಅದಕ್ಕೆ ಒಂದು ಹಾರೆ, ಒಂದು ಗುದ್ದಲಿ, ಮೂರು ಜನರ ಅರ್ಧ ದಿನದ ಕೆಲಸ ಸಾಕಿತ್ತು. ಆಮೇಲೆ ನಾವು ಮಾಡಿದ್ದೂ ಅದನ್ನೇ.

ಎರಡನೆಯದು ಶಾಫ್ಟಿನ ಕೋನ. ಇದು ಜೀವದ ವಿಷಯ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ. ಟ್ರಾನ್ಸ್‌ಫರ್ ಕೇಸ್ ಬಾಡಿಯ ಜೊತೆ ಮೇಲೆ ಹೋಗುತ್ತದೆ. ಹೌಸಿಂಗ್ ಕೆಳಗೇ ಉಳಿಯುತ್ತದೆ. ಎರಡನ್ನೂ ಸೇರಿಸುವ ಶಾಫ್ಟ್ ಓರೆಯಾಗುತ್ತದೆ. ಶಾಫ್ಟ್ ಗಿಡ್ಡ ಆದಷ್ಟೂ ಓರೆ ಜಾಸ್ತಿ. 40 ಇಂಚಿನ ಶಾಫ್ಟ್ ಇರುವ ಉದ್ದದ ಗಾಡಿಗೆ ಒಂದು ಇಂಚು ಎತ್ತರಿಸಿದರೆ ಒಂದೂವರೆ ಡಿಗ್ರಿ ಹೆಚ್ಚುತ್ತದೆ. 20 ಇಂಚಿನ ಶಾಫ್ಟಿಗೆ ಅದೇ ಒಂದು ಇಂಚು ಅಂದರೆ ಹತ್ತಿರತ್ತಿರ ಮೂರು ಡಿಗ್ರಿ. ನಾಲ್ಕು ಇಂಚಿಗೆ ಹನ್ನೊಂದು ಡಿಗ್ರಿ. ಉದ್ದದ ಪಿಕಪ್ಪಿನಲ್ಲಿ ನಡೆದ ಕೆಲಸ ಗಿಡ್ಡ ಜೀಪಿನಲ್ಲಿ ನಡೆಯುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ.

ಓರೆಯಾದ ಕ್ರಾಸ್ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಜೋರಾಗುತ್ತದೆ, ಎರಡು ಸಲ ನಿಧಾನ ಆಗುತ್ತದೆ. ಅದಕ್ಕೇ ಶಾಫ್ಟಿನ ಎರಡೂ ತುದಿಗೆ ಕ್ರಾಸ್ ಇಟ್ಟು, ಎರಡರ ಕೋನವೂ ಸಮ ಇರುವ ಹಾಗೆ ಕಂಪನಿ ಕೂರಿಸಿರುತ್ತದೆ. ಒಂದರ ಏರುಪೇರನ್ನು ಇನ್ನೊಂದು ಸರಿ ಮಾಡುತ್ತದೆ. ನಮ್ಮ ಜೀಪಿನಲ್ಲಿ ಹಿಂದಿನ ಶೇಕಲ್ ಉದ್ದ ಮಾಡಿದಾಗ ಹೌಸಿಂಗ್ ತಿರುಗಿ, ಶಾಫ್ಟ್ ಬಂದು ಸೇರುವ ಪಿನಿಯನ್ ಮೂತಿ ಮೇಲೆತ್ತಿತು. ಕೆಳಗಿನ ಕೋನ ಕಡಿಮೆಯಾಯಿತು, ಮೇಲಿನದು ಹಾಗೇ ಉಳಿಯಿತು. ಸಮ ತಪ್ಪಿತು. ಸೀಟಿನ ಕೆಳಗೆ ನನಗೆ ಕೇಳಿಸಿದ ಗುಂಯ್ ಸದ್ದು ಅದೇ. ಟೈರಿನದಲ್ಲ. ಮೇಲಿನ ಕ್ರಾಸ್ ಮೂರು ತಿಂಗಳು ಆ ನಡುಕ ತಡೆದುಕೊಂಡಿತು. ಆಮೇಲೆ ತುಂಡಾಯಿತು.

ಇದಕ್ಕೆ ಪರಿಹಾರ ಇಲ್ಲದೆ ಇಲ್ಲ. ಹೌಸಿಂಗಿನ ಕೆಳಗೆ ಸರಿಯಾದ ಡಿಗ್ರಿಯ ಬೆಣೆ ಕೊಟ್ಟು ಕೋನ ಸಮ ಮಾಡಬಹುದು. ಟ್ರಾನ್ಸ್‌ಫರ್ ಕೇಸನ್ನು ಸ್ವಲ್ಪ ಕೆಳಗೆ ಇಳಿಸಬಹುದು. ಜಾಸ್ತಿ ಎತ್ತರ ಬೇಕೇ ಬೇಕು ಅಂದರೆ ಮೇಲ್ಗಡೆ ಜೋಡಿ ಕ್ರಾಸ್ ಇರುವ ಶಾಫ್ಟ್ ಹಾಕಿ, ಪಿನಿಯನ್ನನ್ನು ನೇರ ಅದರ ಕಡೆಗೆ ತಿರುಗಿಸಬೇಕು. ಶಾಫ್ಟಿನ ಒಳಗೆ ಹೊರಗೆ ಜಾರುವ ಹಲ್ಲಿನ ಭಾಗ, ಅಂದರೆ ಸ್ಪ್ಲೈನ್, ಎಷ್ಟು ಒಳಗೆ ಕೂತಿದೆ ಅಂತ ನೋಡಬೇಕು. ಎತ್ತರಿಸಿದಾಗ ಅದು ಹೊರಗೆ ಎಳೆದುಕೊಳ್ಳುತ್ತದೆ. ಚಕ್ರ ಹೊಂಡಕ್ಕೆ ಇಳಿದಾಗ ಇನ್ನೂ ಎಳೆಯುತ್ತದೆ. ಬ್ರೇಕಿನ ರಬ್ಬರ್ ಪೈಪೂ ಹಾಗೇ. ನಿಂತ ಗಾಡಿಯಲ್ಲಿ ಸಡಿಲ ಕಾಣುತ್ತದೆ. ಜಾಕ್ ಕೊಟ್ಟು ಚಕ್ರ ಪೂರ್ತಿ ಜೋತು ಬಿಟ್ಟಾಗ ತಂತಿಯ ಹಾಗೆ ಬಿಗಿದಿರುತ್ತದೆ. ಇದನ್ನು ನಿಮ್ಮ ಮೆಕ್ಯಾನಿಕ್ ಮಾಡಿ ತೋರಿಸದಿದ್ದರೆ ಗಾಡಿ ಹೊರಗೆ ತರಬೇಡಿ. ಮುಂದಿನ ಚಕ್ರಕ್ಕಂತೂ ಬ್ಲಾಕ್ ಇಡಲೇಬಾರದು. ಮುಂದಿನ ಶೇಕಲ್ ಉದ್ದ ಮಾಡಿದರೆ ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಕೀಲು ಹಿಂದಕ್ಕೆ ವಾಲಿರುವ ಓರೆ, ಕಡಿಮೆಯಾಗಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಗಾಡಿ ರಸ್ತೆ ತುಂಬ ಅಲೆಯುತ್ತದೆ.

ಹೊಸ ಗಾಡಿಗಳಿಗೆ ಈ ತೊಂದರೆ ಇಲ್ಲ ಅಂತ ಹುಡುಗರು ಹೇಳುತ್ತಾರೆ. ಇದೆ, ಬೇರೆ ಜಾಗದಲ್ಲಿ ಇದೆ. ಹಳೆಯ ಥಾರ್ ಮುಂದೆ ಟಾರ್ಷನ್ ಬಾರ್ ಇದೆ, ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು. ಅದರ ಬೋಲ್ಟ್ ತಿರುಗಿಸಿ ಎತ್ತರಿಸುವುದು ಹತ್ತು ನಿಮಿಷದ ಕೆಲಸ. ಆದರೆ ಮುಂದಿನ ಆಕ್ಸಲಿನ ಸಿವಿ ಜಾಯಿಂಟ್ (ಚಕ್ರ ತಿರುಗಿದರೂ ಬಲ ಒಯ್ಯುವ ಕೀಲು) ಓರೆಯಾಗಿ ಅದರ ರಬ್ಬರ್ ಬೂಟ್ ಹರಿಯುತ್ತದೆ. ನಮ್ಮ ಕೆಂಪು ಕೆಸರು ಒಳಗೆ ಹೋಗುತ್ತದೆ. ಆಮೇಲೆ ಆ ಜಾಯಿಂಟ್ ಉಳಿಯುವುದಿಲ್ಲ. ಜಿಮ್ನಿಯಲ್ಲಿ ಎರಡೂ ಕಡೆ ಗಟ್ಟಿ ಹೌಸಿಂಗ್, ಅದನ್ನು ಅಡ್ಡಕ್ಕೆ ಹಿಡಿಯುವುದು ಪ್ಯಾನ್‌ಹಾರ್ಡ್ ರಾಡ್. ಬಾಡಿ ಮೇಲೆದ್ದರೆ ಆ ರಾಡ್ ಹೌಸಿಂಗನ್ನೇ ಒಂದು ಪಕ್ಕಕ್ಕೆ ಎಳೆಯುತ್ತದೆ. ಅದಕ್ಕೆ ಸರಿಹೊಂದುವ ರಾಡ್ ಹಾಕಬೇಕು. ಸ್ಪ್ರಿಂಗ್ ಮೇಲೆ ಒಂದು ಬಿಲ್ಲೆ ಇಟ್ಟು ಕಳಿಸಿದರೆ ಕೆಲಸ ಮುಗಿಯುವುದಿಲ್ಲ.

ಇನ್ನು ಕ್ಯಾರಿಯರ್. ಇದನ್ನು ಯಾರೂ ದೊಡ್ಡ ವಿಷಯ ಅಂದುಕೊಳ್ಳುವುದಿಲ್ಲ. ನಾನೂ ಅಂದುಕೊಂಡಿರಲಿಲ್ಲ. ಆಮೇಲೆ ಒಂದು ದಿನ ಮಗಳ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ. 1700 ಕೆ.ಜಿ. ತೂಕದ ಗಾಡಿ, ಭಾರದ ಕೇಂದ್ರ ನೆಲದಿಂದ 70 ಸೆಂ.ಮೀ. ಮೇಲಿದೆ ಅಂತ ಇಟ್ಟುಕೊಳ್ಳಿ. ಮೇಲೆ 40 ಕೆ.ಜಿ.ಯ ಕಬ್ಬಿಣದ ಕ್ಯಾರಿಯರ್, ಅದರ ಮೇಲೆ 60 ಕೆ.ಜಿ. ಸಾಮಾನು. ಒಟ್ಟು 100 ಕೆ.ಜಿ., ನೆಲದಿಂದ ಎರಡು ಮೀಟರ್ ಎತ್ತರದಲ್ಲಿ. ಈಗ ಕೇಂದ್ರ 77 ಸೆಂ.ಮೀ.ಗೆ ಏರಿತು. ಏಳು ಸೆಂ.ಮೀ. ಅಂದರೆ ಹತ್ತಿರತ್ತಿರ ಮೂರು ಇಂಚು. ಸಸ್ಪೆನ್ಷನ್ ಮುಟ್ಟದೇ ಗಾಡಿಯನ್ನು ಮೂರು ಇಂಚು ಎತ್ತರಿಸಿದಷ್ಟೇ ಅಪಾಯ ತಂದ ಹಾಗಾಯಿತು, ಅಲ್ವಾ? ಅದರ ಜೊತೆ ಎರಡು ಇಂಚು ನಿಜವಾಗಿಯೂ ಎತ್ತರಿಸಿದ್ದರೆ, 1.4 ಮೀಟರ್ ಅಗಲಕ್ಕೆ ಚಕ್ರ ಇರುವ ಗಾಡಿ ಪಕ್ಕಕ್ಕೆ ಮಗುಚುವ ಕೋನ ಲೆಕ್ಕದಲ್ಲಿ 45 ಡಿಗ್ರಿಯಿಂದ ಸುಮಾರು 41ಕ್ಕೆ ಇಳಿಯುತ್ತದೆ. ದಾರಿಯಲ್ಲಿ ಅಷ್ಟೂ ಸಿಗುವುದಿಲ್ಲ. ಕೆಳಗಿನ ಪಕ್ಕದ ಸ್ಪ್ರಿಂಗ್ ಕುಗ್ಗುತ್ತದೆ, ಟೈರ್ ಒತ್ತುತ್ತದೆ, ಅಂಚಿನ ಮಣ್ಣು ಜಾರುತ್ತದೆ.

ಆ ಕ್ಯಾರಿಯರ್ ಮೇಲೆ ನಾವು ಇಡುವುದಾದರೂ ಏನು? ದೋಟಿ, ಏಣಿ, ಪೈಪು ಇಟ್ಟರೆ ನಡೆಯುತ್ತದೆ. ಉದ್ದ ಇದ್ದರೂ ಹಗುರ. ಮೂಟೆ ಇಡಬಾರದು, ಮೂಟೆಯ ಜಾಗ ಕೆಳಗೆ, ಸೀಟಿನ ನಡುವೆ. ಜನರನ್ನು ಕೂರಿಸುವುದನ್ನು ನೋಡಿದರೆ ನನಗೆ ಹೊಟ್ಟೆಯೊಳಗೆ ಸಂಕಟ ಆಗುತ್ತದೆ. ಕೊಡಚಾದ್ರಿಗೆ ಹೋಗುವ ದಾರಿ ನೋಡಿದವರಿಗೆ ಗೊತ್ತು. 1343 ಮೀಟರ್ ಎತ್ತರದ ಬೆಟ್ಟ. ಕಟ್ಟಿನಹೊಳೆ ಕಡೆಯಿಂದ ಮೇಲಕ್ಕೆ ಕಲ್ಲು, ಕೊರಕಲು, ಒಂದು ಪಕ್ಕ ಪ್ರಪಾತ. ಆ ದಾರಿಯಲ್ಲಿ ಪ್ರವಾಸಿಗರನ್ನು ಹತ್ತಿಸುವ ಚಾಲಕರ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ಅಂಥ ಕೈ ನಮ್ಮ ಮಲೆನಾಡಿನಲ್ಲಿ ಬಿಟ್ಟರೆ ಬೇರೆಲ್ಲಿ ಸಿಗುತ್ತದೋ ಗೊತ್ತಿಲ್ಲ. ಆದರೆ ಆ ಕೈ ಎಷ್ಟೇ ಚೆನ್ನಾಗಿರಲಿ, ಗಾಡಿಯ ಕೆಳಗೆ ಕ್ರಾಸ್ ತುಂಡಾದರೆ ಅದರಿಂದ ಏನೂ ಆಗದು. ಅದು ನನಗೆ ಗೊತ್ತು.

ಆಯುಕ್ತರೇ, ಈಗ ಕಾನೂನಿಗೆ ಬರುತ್ತೇನೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆ ಆಗದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 2017ರ ಡಿಸೆಂಬರಿನಲ್ಲಿ ಮುಂದಿನ ಬುಲ್ ಬಾರ್ ಮೇಲೂ ಕೇಂದ್ರ ಸಾರಿಗೆ ಸಚಿವಾಲಯ ಕ್ರಮ ತೆಗೆದುಕೊಳ್ಳಲು ಹೇಳಿತು. ಬುಲ್ ಬಾರ್ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಅದು ನಡೆದು ಹೋಗುವವರ ಮೈಗೆ ಬಡಿಯುವ ಕಬ್ಬಿಣ. ಬೇಡ. ಆರು ಇಂಚು ಎತ್ತರಿಸಿ ಎದುರಿನ ಕಾರಿನ ಗಾಜಿಗೆ ಬಂಪರ್ ತರುವವರ ವಿಷಯದಲ್ಲೂ ನಿಮ್ಮ ಕಡೆ. ಆಗುಂಬೆ ಘಾಟಿಯ ತಿರುವಿನಲ್ಲಿ ಮಂಜು ಕವಿದಾಗ ಎದುರಿನಿಂದ ಎತ್ತರದ ಬಿಳಿ ಲೈಟ್ ಕಣ್ಣಿಗೆ ಹೊಡೆದರೆ ಏನಾಗುತ್ತದೆ ಅಂತ ಅನುಭವಿಸಿದವನು ನಾನು.

ನನ್ನ ಬೇಡಿಕೆ ಬೇರೆ. ಈಗಿನ ಕಾನೂನಿನ ಕಣ್ಣಿಗೆ ಎರಡು ಇಂಚು ಎತ್ತರದ ಒಳ್ಳೆಯ ಪ್ಲೇಟ್ ಸೆಟ್, ಸರಿ ಮಾಡಿದ ಶಾಫ್ಟ್, ಉದ್ದದ ಬ್ರೇಕ್ ಪೈಪ್ ಇರುವ ತೋಟದ ಜೀಪೂ ಒಂದೇ, ಬ್ಲಾಕ್ ಇಟ್ಟು ಬೆಸುಗೆ ಹಾಕಿ ಕಳಿಸಿದ ನನ್ನ ಹಳೆಯ ಜೀಪೂ ಒಂದೇ. ಎರಡೂ ತಪ್ಪು. ಎರಡೂ ತಪ್ಪು ಅಂದ ಮೇಲೆ ಯಾರೂ ಒಳ್ಳೆಯ ಕೆಲಸಕ್ಕೆ ದುಡ್ಡು ಹಾಕುವುದಿಲ್ಲ. ಅಗ್ಗದಲ್ಲಿ ಮುಗಿಸುತ್ತಾರೆ, ಬಾಯಿ ಮುಚ್ಚಿಕೊಂಡು ಓಡಿಸುತ್ತಾರೆ. ಮಾಡಿದ ಗ್ಯಾರೇಜಿನವರು ಬಿಲ್ ಕೊಡುವುದಿಲ್ಲ. ಬಿಲ್ ಇಲ್ಲ ಅಂದರೆ ಜವಾಬ್ದಾರಿ ಇಲ್ಲ. ನನಗೆ ಅಪಘಾತ ಆದ ಮೇಲೆ ಆ ಗ್ಯಾರೇಜಿಗೆ ಹೋಗಿ ಕೇಳಿದೆ. ನಾವು ಮಾಡಿದ್ದೇ ಅಲ್ಲ ಅಂದರು. ತೋರಿಸಲು ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಅಪಘಾತಕ್ಕೆ ಒಂದು ತಿಂಗಳು ಮೊದಲು ರಸ್ತೆಯಲ್ಲಿ ಒಬ್ಬ ಅಧಿಕಾರಿ ನನ್ನ ಜೀಪ್ ತಡೆದಿದ್ದರು. ಯಾವ ಊರಿನವರು, ಯಾವ ಇಲಾಖೆಯವರು ಅನ್ನುವುದು ಇಲ್ಲಿ ಬೇಡ. ಅವರು ಮೇಲಿನ ಎರಡು ಲೈಟ್ ನೋಡಿದರು, ಟೈರ್ ನೋಡಿದರು, ಬೈದರು, ದಂಡ ಹಾಕಿದರು. ತಪ್ಪಲ್ಲ. ಆದರೆ ಒಂದೇ ಒಂದು ಸಲ ಮೊಣಕಾಲೂರಿ ಕೆಳಗೆ ನೋಡಿದ್ದರೆ ಆ ಶಾಫ್ಟಿನ ಓರೆ ಕಣ್ಣಿಗೆ ಹೊಡೆಯುತ್ತಿತ್ತು. ಗಾಡಿ ಅಲ್ಲೇ ನಿಲ್ಲಿಸಿದ್ದರೆ ನಾನು ಜಗಳ ಮಾಡುತ್ತಿದ್ದೆ. ಅಜ್ಜನ ಮಗನ ಕೈ ಉಳಿಯುತ್ತಿತ್ತು.

ಕಾಯ್ದೆಯಲ್ಲಿ ಬಾಗಿಲು ಪೂರ್ತಿ ಮುಚ್ಚಿಲ್ಲ ಅನ್ನುವುದು ನನಗೆ ಗೊತ್ತಿದೆ. ಪೆಟ್ರೋಲ್ ಗಾಡಿಗೆ ಗ್ಯಾಸ್ ಕಿಟ್ ಹಾಕಿಸಬಹುದು. ಒಪ್ಪಿಗೆ ಇರುವ ಕಿಟ್ ಇದೆ, ಹಾಕುವವರಿಗೆ ನಿಯಮ ಇದೆ, ಆರ್‌ಸಿಯಲ್ಲಿ ಅದು ಬರುತ್ತದೆ. ಅಂಗವಿಕಲರು ತಮ್ಮ ಅನುಕೂಲಕ್ಕೆ ಗಾಡಿ ಬದಲಿಸಿಕೊಂಡು ಒಪ್ಪಿಗೆ ಪಡೆಯಬಹುದು. ಎರಡೂ ಒಳ್ಳೆಯ ದಾರಿ. ಗ್ಯಾಸ್ ಸಿಲಿಂಡರಿನಂಥ ಅಪಾಯದ ವಸ್ತುವಿಗೇ ಒಂದು ಕ್ರಮ ಮಾಡಲು ಸಾಧ್ಯ ಆಯಿತಲ್ಲ. ಹಾಗಿದ್ದರೆ ಒಂದು ಪ್ಲೇಟ್ ಸೆಟ್ಟಿಗೆ ಯಾಕೆ ಆಗುವುದಿಲ್ಲ? ನಾಲ್ಕು ಚಕ್ರ ಎಳೆಯುವ ಗಾಡಿಗಳಿಗೆ ಎರಡು ಇಂಚಿನವರೆಗೆ, ಪರೀಕ್ಷೆ ಆದ ಪೂರ್ತಿ ಕಿಟ್. ಸ್ಪ್ರಿಂಗ್ ಒಂದೇ ಅಲ್ಲ, ಅದರ ಜೊತೆ ಶಾಕ್ ಅಬ್ಸಾರ್ಬರ್, ಬ್ರೇಕ್ ಪೈಪ್, ಕೋನ ಸರಿ ಮಾಡುವ ಬೆಣೆ ಎಲ್ಲ ಸೇರಿ. ಹಾಕಿದವರ ಸಹಿ, ಆರ್‌ಸಿಯಲ್ಲಿ ಒಂದು ಸಾಲು. ಇದು ಕೇಂದ್ರ ಮಾಡಬೇಕಾದ ನಿಯಮ ಅಂತ ಗೊತ್ತು. ಆದರೆ ಬರೆದು ಕಳಿಸಬೇಕಾದದ್ದು ಗುಡ್ಡ ಇರುವ ರಾಜ್ಯ. ದೆಹಲಿಯಲ್ಲಿ ಕೂತವರಿಗೆ ಹುಲಿಕಲ್ ಮಳೆ ಹೇಗೆ ಗೊತ್ತಾಗಬೇಕು? ಆಗುಂಬೆ ಕಡೆ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆಗೆ ಮಣ್ಣಿನ ದಾರಿ ಏನಾಗುತ್ತದೆ ಅಂತ ಹೇಳಬೇಕಾದವರು ನೀವು.

ಕೇಂದ್ರಕ್ಕೆ ಕಾಯದೇ ಮಾಡಬಹುದಾದ ಒಂದು ಕೆಲಸವನ್ನೂ ಕೇಳುತ್ತೇನೆ. ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಹೊಸನಗರ, ತೀರ್ಥಹಳ್ಳಿ, ಸಾಗರದಲ್ಲಿ ಒಂದೊಂದು ದಿನ ಜೀಪ್ ತಪಾಸಣೆ ಇಡಿ. ದೊಡ್ಡ ಯಂತ್ರ ಬೇಡ. ಒಂದು ಗುಂಡಿ ಸಾಕು. ಗಾಡಿ ಮೇಲೆ ನಿಲ್ಲಲಿ, ಗುಂಡಿಯೊಳಗೆ ಟಾರ್ಚ್ ಹಿಡಿದು ಒಬ್ಬ ಇನ್‌ಸ್ಪೆಕ್ಟರ್, ಜೊತೆಗೆ ಐಟಿಐ ಕಲಿಸುವ ಒಬ್ಬ ಮೇಷ್ಟ್ರು. ಕೋನ ಅಳೆಯುವ ಒಂದು ಸಣ್ಣ ಗೇಜ್. ಚಕ್ರ ಜೋತು ಬಿಟ್ಟು ಬ್ರೇಕ್ ಪೈಪ್ ನೋಡಲಿ. ಪ್ಲೇಟ್ ಸೆಟ್ ಹಿಡಿದಿರುವ ಯು ಬೋಲ್ಟ್, ಸೆಂಟರ್ ಬೋಲ್ಟ್ ಕೈಯಲ್ಲಿ ಮುಟ್ಟಿ ನೋಡಲಿ. ಹೌಸಿಂಗ್ ಎಣ್ಣೆ ಒಂದು ಹನಿ ತೆಗೆದು ನೋಡಲಿ. ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಹೋಗಿದೆ ಅಂತ ಅರ್ಥ. ಬಿಸಿ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಉಸಿರು ಎಳೆದ ಹಾಗೆ ನೀರು ಎಳೆದುಕೊಳ್ಳುತ್ತದೆ. ಅದರ ಗಾಳಿಯಾಡುವ ಬ್ರೀದರ್ ಪೈಪ್ ಎತ್ತರಕ್ಕೆ ಒಯ್ದು ಕಟ್ಟಿದರೆ ಬಹುಪಾಲು ತಪ್ಪುತ್ತದೆ. ನೂರಾರು ರೂಪಾಯಿಯ ಕೆಲಸ, ಹೆಚ್ಚಿನವರಿಗೆ ಗೊತ್ತೇ ಇಲ್ಲ. ಕ್ಯಾರಿಯರ್ ಇದ್ದರೆ ಅದು ಯಾವುದಕ್ಕೆ ಸಿಕ್ಕಿಸಿದೆ ನೋಡಲಿ. ಟಾರ್ಪಾಲಿನ ಹುಡ್ ಇರುವ ಜೀಪಿನಲ್ಲಿ ತೆಳು ಪೈಪಿಗೆ ಬೆಸೆದಿದ್ದರೆ ಬಿಚ್ಚಿಸಲಿ. ಗಟ್ಟಿ ಇದ್ದರೆ ಎಷ್ಟು ಕೆ.ಜಿ. ಅಂತ ಒಂದು ತಗಡಿನ ಮೇಲೆ ಹೊಡೆದು ಅಂಟಿಸಲಿ.

ಒಂದೇ ಷರತ್ತು. ಆ ಒಂದು ದಿನ ದಂಡ ಬೇಡ. ದಂಡ ಇದೆ ಅಂದರೆ ಕೆಟ್ಟ ಗಾಡಿ ಒಂದೂ ಬರುವುದಿಲ್ಲ, ಒಳ್ಳೆಯ ಗಾಡಿಯವರು ಮಾತ್ರ ಬಂದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಸರಿ ಮಾಡಿಕೊಂಡು ಬನ್ನಿ ಅಂತ ಹದಿನೈದು ದಿನ ಕೊಡಿ. ಅದಾದ ಮೇಲೂ ಹಾಗೇ ಓಡಿಸಿದವರ ಗಾಡಿ ಹಿಡಿಯಿರಿ. ಆಗ ನಮ್ಮ ಊರಿನವರೇ ನಿಮ್ಮ ಜೊತೆ ನಿಲ್ಲುತ್ತಾರೆ.

ಒಂದು ಬೆರಳು ಕೊಟ್ಟರೆ ಕೈ ನುಂಗುತ್ತಾರೆ ಅಂತ ನಿಮಗೆ ಅನ್ನಿಸಬಹುದು. ಎರಡು ಇಂಚು ಒಪ್ಪಿದರೆ ಆರು ಇಂಚು ಮಾಡಿ ಎರಡು ಅನ್ನುತ್ತಾರೆ ಅಂತ. ಹಾಗೆ ಮಾಡುವವರು ಇರುತ್ತಾರೆ. ಅವರು ಈಗಲೂ ಇದ್ದಾರೆ. ಈಗ ಅವರು ಮತ್ತು ನಾವು ಒಂದೇ ಗುಂಪಿನಲ್ಲಿ ಅಡಗಿದ್ದೇವೆ. ಅಳತೆ ಒಂದು ಬರೆದಿಟ್ಟರೆ ನಾವು ಹೊರಗೆ ಬರುತ್ತೇವೆ, ಆಗ ಉಳಿದವರು ತಾನಾಗಿ ಕಾಣುತ್ತಾರೆ.

ಹುಡುಗರೇ, ನಿಮಗೂ ಎರಡು ಮಾತು. ಗಾಡಿಯ ಮೇಲೆ ನಿಮಗಿರುವ ಪ್ರೀತಿ ನನಗೆ ಅರ್ಥವಾಗುತ್ತದೆ. ನನಗೂ ಇದೆ. ಹಣ ಹಾಕುವುದಾದರೆ ಮೊದಲು ಒಳ್ಳೆಯ ಹಿಡಿತದ ಟೈರಿಗೆ ಹಾಕಿ. ಕೆಸರಿನಲ್ಲಿ ಸಿಕ್ಕಿಕೊಂಡರೆ ಗಾಳಿ ಸ್ವಲ್ಪ ಇಳಿಸಿ ನೋಡಿ, ಡಾಂಬರಿಗೆ ಬಂದ ಮೇಲೆ ತುಂಬಿಸಿ. ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಹಿಂದಿನ ಹೌಸಿಂಗಿಗೆ ಲಾಕ್ ಹಾಕಿಸಿದರೆ ನಾಲ್ಕು ಇಂಚು ಎತ್ತರಿಸುವುದಕ್ಕಿಂತ ಹೆಚ್ಚು ಕೆಲಸ ಆಗುತ್ತದೆ. ಒಂದು ಚಕ್ರ ಗಾಳಿಯಲ್ಲಿ ಸುಮ್ನೆ ತಿರುಗುವುದು ನಿಲ್ಲುತ್ತದೆ. ಫೋರ್ಸ್ ಗೂರ್ಖಾಗೆ ಕಂಪನಿಯೇ ಮುಂದೆ ಹಿಂದೆ ಎರಡೂ ಕಡೆ ಲಾಕ್ ಕೊಟ್ಟಿದೆ. ಅದರ ಬಲ ಎತ್ತರದಲ್ಲಿಲ್ಲ, ಆ ಲಾಕಿನಲ್ಲಿದೆ. ಹಾಗೇ, ರೀಲ್ ಮಾಡಲು ಹಳ್ಳಕ್ಕೆ, ಬೆಟ್ಟದ ಹುಲ್ಲುಗಾವಲಿಗೆ ಗಾಡಿ ಇಳಿಸಬೇಡಿ. ಆ ಹಳ್ಳದ ನೀರು ಕೆಳಗೆ ಯಾರದೋ ಮನೆಯ ಕುಡಿಯುವ ನೀರು.

2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯಿತು. ಲಾಂಚಿಗೆ ಕಾದು ಕಾದು ಜೀಪ್ ಹತ್ತಿಸುತ್ತಿದ್ದ ತುಮರಿ ಕಡೆಯ ನನ್ನ ನೆಂಟರು ಆ ದಿನ ಅತ್ತರು. ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಬಂತು ಅಂದ ಮೇಲೆ ನಮ್ಮ ಎರಡು ಕಿಲೋಮೀಟರ್ ಮಣ್ಣಿನ ದಾರಿಗೂ ಒಂದು ದಿನ ಡಾಂಬರು ಬರುತ್ತದೆ ಅಂತ ನಂಬಿದ್ದೇನೆ. ಬರುವವರೆಗೆ ಜೀಪ್ ಬೇಕು. ಅದು ಸರಿಯಾಗಿಯೂ ಇರಬೇಕು.

ಆ ಹಳೆಯ ಜೀಪನ್ನು ನಾನು ಮಾರಲಿಲ್ಲ. ಒಂದು ವರ್ಷ ತೆಗೆದುಕೊಂಡು ಸರಿ ಮಾಡಿಸಿದೆ. ಬ್ಲಾಕ್ ತೆಗೆಸಿದೆ, ಶೇಕಲ್ ಮೊದಲಿನ ಅಳತೆಗೆ ತಂದೆ. ಬ್ರೇಕಿಗೆ ಎರಡು ದಾರಿಯ ಮಾಸ್ಟರ್ ಸಿಲಿಂಡರ್ ಹಾಕಿಸಿದೆ. ಈಗ ಒಂದೂವರೆ ಇಂಚು ಎತ್ತರದ ಹೊಸ ಪ್ಲೇಟ್ ಸೆಟ್ ಇದೆ, ಕೋನ ಅಳೆದು ಕೊಟ್ಟ ಬೆಣೆ ಇದೆ. ಶಾಫ್ಟಿನ ಕೆಳಗೆ ಒಂದು ಕಬ್ಬಿಣದ ಪಟ್ಟಿ ಇದೆ, ಕ್ರಾಸ್ ತುಂಡಾದರೂ ಶಾಫ್ಟ್ ಅದರ ಮೇಲೆ ಬೀಳುತ್ತದೆ, ಬ್ರೇಕ್ ಪೈಪಿಗೆ ಬಡಿಯುವುದಿಲ್ಲ. ಕಾನೂನಿನ ಪ್ರಕಾರ ಇವುಗಳಲ್ಲಿ ಎಷ್ಟು ತಪ್ಪು, ಎಷ್ಟು 5000 ರೂಪಾಯಿ ಆಗುತ್ತದೆ ಅಂತ ನೀವೇ ಎಣಿಸಬಹುದು. ನಾನು ಮುಚ್ಚಿಡುವುದಿಲ್ಲ. ಹೊಸನಗರದಲ್ಲಿ ಗುಂಡಿ ತೋಡಿಸಿ, ದಿನ ಹೇಳಿ. ಸಾಲಿನಲ್ಲಿ ಮೊದಲು ನನ್ನ ಜೀಪ್ ನಿಲ್ಲಿಸುತ್ತೇನೆ. ಅಜ್ಜನ ಮಗನೂ ಜೊತೆಗೆ ಬರುತ್ತೇನೆ ಅಂದಿದ್ದಾನೆ.

ಇಂತಿ,
ಹೊಸನಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ